ಕಡಿಮೆ ಬೆಲೆಯ ನೆಟ್‌ಬುಕ್ ಮತ್ತು ಲಿನಕ್ಸ್: ಆನ್‌ಲೈನ್ ಅರ್ಜಿದಾರರಿಗೆ ಉಪಯುಕ್ತ ಮಾಹಿತಿ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಂವಿಧಾನದ 371(ಜೆ) ಅನುಚ್ಛೇದದ ಮೇರೆಗೆ ನೀಡಲಾಗುವ ಅರ್ಹತಾ ಪ್ರಮಾಣಪತ್ರ, ವಿದ್ಯಾರ್ಥಿವೇತನ ಮುಂತಾದ ಅನೇಕ ಸೇವೆಗಳಿಗೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ. ಈ ಕಾರಣದಿಂದ ಮನೆಯಲ್ಲಿಯೇ ಒಂದು ಗಣಕಯಂತ್ರವಿದ್ದರೆ ಅನುಕೂಲವೆಂದು ಭಾವಿಸಿ, ಕಡಿಮೆ ಬೆಲೆಗೆ ದೊರೆಯುವ ಚಿಕ್ಕ ಲ್ಯಾಪ್‌ಟಾಪ್, ಅಂದರೆ ನೆಟ್‌ಬುಕ್ ಖರೀದಿಸಲು ಆಲೋಚಿಸುವ ಕುಟುಂಬಗಳು ಇರುತ್ತವೆ. ಇಂತಹ ಯಂತ್ರವು ನಂಬಿಕೆಗೆ ಅರ್ಹವೇ, ಅದರಲ್ಲಿ ಉಚಿತವಾಗಿ ದೊರೆಯುವ ಲಿನಕ್ಸ್ ಸರಿಯಾಗಿ ಕಾರ್ಯನಿರ್ವಹಿಸುವುದೇ ಎಂಬುದು ಸಹಜವಾದ ಪ್ರಶ್ನೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಅರ್ಜಿದಾರರನ್ನು ಗಮನದಲ್ಲಿರಿಸಿಕೊಂಡು ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಕೂಲಿ ಅಥವಾ ಸಣ್ಣ ವೇತನದ ಮೇಲೆ ಅವಲಂಬಿತವಾದ ಕುಟುಂಬಕ್ಕೆ ಮೂರು ನಾಲ್ಕು ಸಾವಿರ ರೂಪಾಯಿಗಳೂ ಚಿಕ್ಕ ಮೊತ್ತವಲ್ಲ. ಅದಕ್ಕಿಂತ ಮಿಗಿಲಾಗಿ, ಅರ್ಜಿಯ ಕೊನೆಯ ದಿನಾಂಕದಂದು ಯಂತ್ರವು ಕೈಕೊಟ್ಟಲ್ಲಿ ವಿದ್ಯಾರ್ಥಿಯ ಒಂದು ವರ್ಷದ ನೆರವು ತಪ್ಪಿಹೋಗುವ ಸಂಭವವಿರುತ್ತದೆ. ಆದ್ದರಿಂದ ಹಣ ಕೊಡುವ ಮುನ್ನ ಈ ಕೆಳಕಂಡ ಅಂಶಗಳನ್ನು ತಿಳಿದುಕೊಳ್ಳುವುದು ಒಳಿತು.

ನೆಟ್‌ಬುಕ್ ಎಂದರೇನು?

ಅಂತರ್ಜಾಲ ವೀಕ್ಷಣೆ, ಪತ್ರ ವ್ಯವಹಾರ ಮುಂತಾದ ಸರಳ ಕೆಲಸಗಳಿಗೆಂದೇ ರೂಪಿಸಲಾದ, 7ರಿಂದ 12 ಇಂಚಿನೊಳಗಿನ ಪರದೆಯುಳ್ಳ, ಹಗುರವಾದ ಹಾಗೂ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗೆ ನೆಟ್‌ಬುಕ್ ಎಂಬ ಹೆಸರು ರೂಢಿಗೆ ಬಂದಿತು. 2007ರ ಅಕ್ಟೋಬರ್ ತಿಂಗಳಿನಲ್ಲಿ ತೈವಾನಿನ ಆಸುಸ್ ಸಂಸ್ಥೆಯು ಬಿಡುಗಡೆ ಮಾಡಿದ ಈ ಪಿಸಿ 701 ಮಾದರಿಯಿಂದ ಈ ವರ್ಗದ ಯಂತ್ರಗಳು ಜನಪ್ರಿಯವಾದವು. ಅದರಲ್ಲಿ 512 ಎಂಬಿ ಮೆಮೊರಿ ಹಾಗೂ ಕೇವಲ 4 ಜಿಬಿ ಸಂಗ್ರಹ ಸಾಮರ್ಥ್ಯವಿದ್ದು, ಕ್ಸಾಂಡ್ರೋಸ್ ಎಂಬ ಲಿನಕ್ಸ್ ಆವೃತ್ತಿಯನ್ನು ಅಳವಡಿಸಲಾಗಿತ್ತು. 2008ರಲ್ಲಿ ಬಂದ ಏಸರ್ ಆಸ್ಪೈರ್ ಒನ್ ಮಾದರಿಯಲ್ಲಿಯೂ ಆರಂಭದಲ್ಲಿ ಲಿನ್‌ಪಸ್ ಎಂಬ ಲಿನಕ್ಸ್ ಆವೃತ್ತಿಯು ದೊರೆಯುತ್ತಿತ್ತು. ಭಾರತದಲ್ಲಿ ಎಚ್‌ಸಿಎಲ್ ಸಂಸ್ಥೆಯು 2008ರ ಜನವರಿಯಲ್ಲಿ ಸುಮಾರು 14,000 ರೂಪಾಯಿಗಳ ಆರಂಭಿಕ ಬೆಲೆಗೆ ಮೈಲೀಪ್ ಎಂಬ ಯಂತ್ರವನ್ನು ಹೊರತಂದಿತು.

ಅಂದರೆ ನೆಟ್‌ಬುಕ್ ಹುಟ್ಟಿದ್ದೇ ಲಿನಕ್ಸ್‌ನೊಂದಿಗೆ. 2013ರ ವೇಳೆಗೆ ಪ್ರಮುಖ ತಯಾರಕರು ಇವುಗಳ ತಯಾರಿಕೆಯನ್ನು ನಿಲ್ಲಿಸಿದರು. ಈಗ ಮಾರಾಟಕ್ಕೆ ಬರುವ ಅಂದಿನ ನೆಟ್‌ಬುಕ್‌ಗಳೆಲ್ಲವೂ ಬಳಸಿದ ಯಂತ್ರಗಳಾಗಿದ್ದು, ಹತ್ತು ವರ್ಷಕ್ಕೂ ಹೆಚ್ಚು ಹಳೆಯವಾಗಿರುತ್ತವೆ. ನಂತರದ ವರ್ಷಗಳಲ್ಲಿ ಬಂದ 11.6 ಇಂಚಿನ ಅಗ್ಗದ ಲ್ಯಾಪ್‌ಟಾಪ್‌ಗಳನ್ನು ಇವುಗಳ ಮುಂದುವರಿದ ರೂಪವೆಂದು ಪರಿಗಣಿಸಬಹುದಾಗಿದೆ.

ಕನ್ನಡ ನಾಡಿನ ಹಿಂದಿನ ಅನುಭವ

ಅಗ್ಗದ ಚಿಕ್ಕ ಗಣಕಯಂತ್ರದಲ್ಲಿ ಲಿನಕ್ಸ್ ಬಳಸುವ ಪ್ರಯತ್ನವು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಕೂಡಿ ಸಿಂಪ್ಯೂಟರ್ ಎಂಬ ಕೈಯಲ್ಲಿ ಹಿಡಿಯಬಹುದಾದ ಯಂತ್ರವನ್ನು ರೂಪಿಸಿದ್ದರು. ಅದರ ಮಾದರಿಯನ್ನು 2001ರಲ್ಲಿ ಪ್ರದರ್ಶಿಸಲಾಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಮತ್ತು ಪಿಕೋಪೆಟಾ ಸಂಸ್ಥೆಗಳ ಮೂಲಕ ಅಮಿಡಾ ಎಂಬ ಹೆಸರಿನಲ್ಲಿ ಸುಮಾರು 10,000 ರೂಪಾಯಿಗಳ ಆರಂಭಿಕ ಬೆಲೆಗೆ ಅದು ಮಾರುಕಟ್ಟೆಗೆ ಬಂದಿತು. ಅದರ ಕಾರ್ಯಾಚರಣಾ ವ್ಯವಸ್ಥೆಯೂ ಲಿನಕ್ಸ್ ಆಗಿತ್ತು. ಲಿನಕ್ಸ್ ಅದರಲ್ಲಿ ಸಮರ್ಪಕವಾಗಿ ನಡೆಯಿತಾದರೂ ಯಂತ್ರಗಳು ನಿರೀಕ್ಷಿಸಿದಷ್ಟು ಮಾರಾಟವಾಗದೆ, ಕೆಲವೇ ವರ್ಷಗಳಲ್ಲಿ ಬಳಕೆಯಿಂದ ಮರೆಯಾದವು.

ಇದಕ್ಕೆ ಭಿನ್ನವಾದ ಉದಾಹರಣೆಯು ಗಡಿಯಾಚೆಯ ಕಾಸರಗೋಡಿನಲ್ಲಿ ದೊರೆಯುತ್ತದೆ. ಕೇರಳ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ, ಮಾಹಿತಿ ತಂತ್ರಜ್ಞಾನದ ಪಾಠವನ್ನು ಅನೇಕ ವರ್ಷಗಳಿಂದ ಲಿನಕ್ಸ್ ಆಧಾರಿತ ಗಣಕಯಂತ್ರಗಳಲ್ಲಿಯೇ ಬೋಧಿಸಲಾಗುತ್ತಿದೆ. ಸಾಧಾರಣ ದರದ ಲ್ಯಾಪ್‌ಟಾಪ್‌ಗಳಲ್ಲಿ ಈ ವ್ಯವಸ್ಥೆಯು ನಡೆದುಬಂದಿದೆ. ಒಂದು ಸಂಸ್ಥೆಯು ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುತ್ತಾ, ಶಿಕ್ಷಕರಿಗೆ ತರಬೇತಿ ನೀಡುತ್ತಾ ಬಂದಿರುವುದು ಇದಕ್ಕೆ ಕಾರಣ.

ಈ ಎರಡೂ ಉದಾಹರಣೆಗಳಿಂದ ತಿಳಿದುಬರುವುದೇನೆಂದರೆ, ಚಿಕ್ಕ ಯಂತ್ರದಲ್ಲಿ ಲಿನಕ್ಸ್ ನಡೆಯುವುದೇ ಎಂಬ ಪ್ರಶ್ನೆಗೆ ಉತ್ತರ ಎಂದೋ ದೊರೆತಿದೆ. ಅರ್ಜಿದಾರರು ಕೇಳಬೇಕಾದ ಪ್ರಶ್ನೆ ಬೇರೆ: ಕೈಯಲ್ಲಿರುವ ಈ ನಿರ್ದಿಷ್ಟ ಯಂತ್ರಕ್ಕೆ ಇಂದಿನ ಲಿನಕ್ಸ್ ಮತ್ತು ಇಂದಿನ ಬ್ರೌಸರ್ ಇನ್ನೂ ದೊರೆಯುತ್ತಿವೆಯೇ?

32 ಬಿಟ್ ಮತ್ತು 64 ಬಿಟ್: ಮುಖ್ಯವಾದ ವ್ಯತ್ಯಾಸ

2008 ಮತ್ತು 2009ರ ನೆಟ್‌ಬುಕ್‌ಗಳಲ್ಲಿ ಹೆಚ್ಚಿನವು ಇಂಟೆಲ್ ಸಂಸ್ಥೆಯ ಆಟಂ ಎನ್270 ಅಥವಾ ಎನ್280 ಪ್ರೊಸೆಸರ್ ಹೊಂದಿದ್ದವು. ಇವು 32 ಬಿಟ್ ಪ್ರೊಸೆಸರ್‌ಗಳು. 2010ರ ಜನವರಿಯಲ್ಲಿ ಬಂದ ಆಟಂ ಎನ್450 ಹಾಗೂ ಅದರ ನಂತರದವು 64 ಬಿಟ್ ತಂತ್ರಾಂಶವನ್ನು ನಡೆಸಬಲ್ಲವು. ನೋಡಲು ಎರಡೂ ಯಂತ್ರಗಳು ಒಂದೇ ಬಗೆಯಾಗಿದ್ದರೂ ಇಂದಿನ ಬಳಕೆಯಲ್ಲಿ ಅವುಗಳ ನಡುವಿನ ಅಂತರ ದೊಡ್ಡದು. ಇದಕ್ಕೆ ಕಾರಣಗಳು ಈ ಕೆಳಕಂಡಂತಿವೆ.

1. ಗೂಗಲ್ ಕ್ರೋಮ್ ಬ್ರೌಸರ್ 32 ಬಿಟ್ ಲಿನಕ್ಸ್‌ಗೆ ನೀಡುತ್ತಿದ್ದ ಬೆಂಬಲವನ್ನು 2016ರಲ್ಲಿಯೇ ನಿಲ್ಲಿಸಲಾಯಿತು.

2. ಫೈರ್‌ಫಾಕ್ಸ್ ಬ್ರೌಸರ್‌ನ ಸಾಮಾನ್ಯ ಆವೃತ್ತಿಗಳ ಪೈಕಿ 32 ಬಿಟ್ ಲಿನಕ್ಸ್‌ಗೆ ದೊರೆತ ಕೊನೆಯದು 144ನೇ ಆವೃತ್ತಿ. 2025ರ ನವೆಂಬರ್‌ನಲ್ಲಿ ಬಂದ 145ನೇ ಆವೃತ್ತಿಯಿಂದ ಈ ಸೌಲಭ್ಯವಿರುವುದಿಲ್ಲ.

3. ಉಬುಂಟು ತನ್ನ ಮುಖ್ಯ ಡೆಸ್ಕ್‌ಟಾಪ್ ಆವೃತ್ತಿಯನ್ನು 32 ಬಿಟ್ ಯಂತ್ರಗಳಿಗೆ ನೀಡುವುದನ್ನು 2017ರಲ್ಲಿ ನಿಲ್ಲಿಸಿತು. ಹಳೆಯ ಯಂತ್ರಗಳ ಆಸರೆಯೆನಿಸಿದ್ದ ಡೆಬಿಯನ್ ಸಹ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಯಂತ್ರಗಳಿಗೆ ಅನುಸ್ಥಾಪನಾ ಕಡತವನ್ನು ಒದಗಿಸುತ್ತಿಲ್ಲ.

ಬ್ರೌಸರ್ ಹಳೆಯದಾದಲ್ಲಿ ಜಾಲತಾಣದ ಪುಟಗಳು ಸರಿಯಾಗಿ ತೆರೆಯದಿರುವುದು ಒಂದು ತೊಂದರೆ. ಸುರಕ್ಷತೆಯ ನವೀಕರಣಗಳು ದೊರೆಯದ ಯಂತ್ರದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಮುಂತಾದವುಗಳನ್ನು ನಮೂದಿಸುವುದು ಅದಕ್ಕಿಂತ ದೊಡ್ಡ ಅಪಾಯ. ಆದ ಕಾರಣ ಆನ್‌ಲೈನ್ ಅರ್ಜಿ ಸಲ್ಲಿಸುವ ಉದ್ದೇಶಕ್ಕಾಗಿ 32 ಬಿಟ್ ನೆಟ್‌ಬುಕ್ ಅನ್ನು ಎಷ್ಟೇ ಅಗ್ಗವಾಗಿ ದೊರೆತರೂ ಖರೀದಿಸದಿರುವುದು ಸೂಕ್ತ. ಈಗಾಗಲೇ ಮನೆಯಲ್ಲಿದ್ದಲ್ಲಿ ಅದನ್ನು ಟೈಪಿಂಗ್ ಅಭ್ಯಾಸ, ಪತ್ರ ಬರೆಯುವುದು, ಪಾಠಗಳನ್ನು ಓದುವುದು ಮುಂತಾದ ಕೆಲಸಗಳಿಗೆ ಬಳಸಬಹುದಾಗಿದೆ.

64 ಬಿಟ್ ಯಂತ್ರಗಳ ಪೈಕಿಯೂ ಕೆಲವು ವಿನಾಯಿತಿಗಳಿವೆ. 2011ರ ಕೊನೆಯಲ್ಲಿ ಬಂದ ಆಟಂ ಎನ್2600 ಶ್ರೇಣಿಯ ಯಂತ್ರಗಳ ಚಿತ್ರ ಸಂಸ್ಕರಣಾ ಭಾಗಕ್ಕೆ ಲಿನಕ್ಸ್‌ನಲ್ಲಿ ಸಮರ್ಪಕವಾದ ಡ್ರೈವರ್ ದೊರೆಯಲಿಲ್ಲ. 2014ರ ನಂತರದ ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ 64 ಬಿಟ್ ಆಗಿದ್ದರೂ ಯಂತ್ರವನ್ನು ಆರಂಭಿಸುವ ಮೂಲ ತಂತ್ರಾಂಶವು 32 ಬಿಟ್ ಆಗಿರುವುದರಿಂದ ಲಿನಕ್ಸ್ ಅಳವಡಿಕೆಗೆ ತಿಳಿದವರ ನೆರವು ಬೇಕಾಗುತ್ತದೆ. ಮೊಬೈಲ್ ಫೋನಿನ ಮಾದರಿಯ ಪ್ರೊಸೆಸರ್ ಹೊಂದಿರುವ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರು ನೀಡಿದ ವ್ಯವಸ್ಥೆಯನ್ನು ಬದಲಾಯಿಸಿ ಸಾಮಾನ್ಯ ಲಿನಕ್ಸ್ ಅಳವಡಿಸುವುದು ಸಾಧಾರಣವಾಗಿ ಸಾಧ್ಯವಾಗುವುದಿಲ್ಲ.

ಯಂತ್ರದ ಬಾಳಿಕೆ

ಅಗ್ಗದ ಯಂತ್ರಗಳು ಬೇಗನೆ ಕೆಡುತ್ತವೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅಮೆರಿಕದ ಸ್ಕ್ವೇರ್‌ಟ್ರೇಡ್ ಎಂಬ ಖಾತರಿ ಸೇವಾ ಸಂಸ್ಥೆಯು 2009ರಲ್ಲಿ ಸುಮಾರು 30,000 ಲ್ಯಾಪ್‌ಟಾಪ್‌ಗಳ ವಿವರಗಳನ್ನು ಪರಿಶೀಲಿಸಿ ವರದಿ ನೀಡಿತ್ತು. ಅದರಂತೆ ಮೊದಲ ಒಂದು ವರ್ಷದಲ್ಲಿ ಯಂತ್ರದೋಷದಿಂದ ಕೆಟ್ಟವುಗಳ ಪ್ರಮಾಣವು ನೆಟ್‌ಬುಕ್‌ಗಳಲ್ಲಿ ಶೇ. 5.8, ಸಾಧಾರಣ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಶೇ. 4.7 ಹಾಗೂ ದುಬಾರಿ ಲ್ಯಾಪ್‌ಟಾಪ್‌ಗಳಲ್ಲಿ ಶೇ. 4.2 ಆಗಿತ್ತು. ವ್ಯತ್ಯಾಸವಿದೆ, ಆದರೆ ಬಹಳ ಹೆಚ್ಚಿನದಲ್ಲ. ಹೊಸದಾಗಿದ್ದಾಗ ನೆಟ್‌ಬುಕ್‌ಗಳಲ್ಲಿ ಬಹುಪಾಲು ಚೆನ್ನಾಗಿಯೇ ನಡೆದವು. ಇಂದಿನ ತೊಂದರೆಗೆ ಅವುಗಳ ಬೆಲೆಗಿಂತ ವಯಸ್ಸು ಹೆಚ್ಚಿನ ಕಾರಣವಾಗಿರುತ್ತದೆ.

ಸ್ಥಳೀಯ ಪರಿಸ್ಥಿತಿಯನ್ನೂ ಗಮನಿಸಬೇಕಾಗುತ್ತದೆ. ವಾಡಿ, ಶಹಾಬಾದ, ಮಳಖೇಡ ಮತ್ತು ಸೇಡಂ ಭಾಗಗಳಲ್ಲಿ ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಹಾಗೂ ಹಾಸುಗಲ್ಲಿನ ಕೆಲಸ ನಡೆಯುವುದರಿಂದ ನವಿರಾದ ಧೂಳು ಮನೆಗಳನ್ನು ಸೇರುತ್ತದೆ. ಈ ಧೂಳು ಗಾಳಿಕಿಂಡಿಯಲ್ಲಿ ಕಟ್ಟಿಕೊಂಡಲ್ಲಿ ಪುಟ್ಟ ಫ್ಯಾನ್ ತಿರುಗದೆ ಯಂತ್ರ ಬಿಸಿಯೇರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಪ್ರದೇಶದಲ್ಲಿ ಅದು ತಾನಾಗಿಯೇ ನಿಂತುಹೋಗುವ ಸಾಧ್ಯತೆ ಹೆಚ್ಚು. ಯಂತ್ರವನ್ನು ಹಾಸಿಗೆಯ ಮೇಲಿರಿಸದೆ ಗಟ್ಟಿಯಾದ ಹಲಗೆಯ ಮೇಲಿರಿಸುವುದು, ಬಳಸದಿರುವಾಗ ಬಟ್ಟೆ ಹೊದಿಸುವುದು, ವರ್ಷಕ್ಕೊಮ್ಮೆ ಫ್ಯಾನ್ ಸ್ವಚ್ಛಗೊಳಿಸುವುದು ಅವಶ್ಯ.

ಹಳೆಯ ನೆಟ್‌ಬುಕ್‌ಗಳಲ್ಲಿ ಸಾಮಾನ್ಯವಾಗಿ ಮೂರು ಭಾಗಗಳು ಮೊದಲು ಕೆಡುತ್ತವೆ.

1. ಬ್ಯಾಟರಿ. ಬ್ಯಾಟರಿ ಸತ್ತುಹೋದ ಯಂತ್ರವು ನೇರ ವಿದ್ಯುತ್ತಿನಿಂದ ಮಾತ್ರ ನಡೆಯುತ್ತದೆ. ಅರ್ಜಿ ತುಂಬುತ್ತಿರುವಾಗ ವಿದ್ಯುತ್ ಕಡಿತಗೊಂಡಲ್ಲಿ ತುಂಬಿದ್ದೆಲ್ಲವೂ ನಷ್ಟವಾಗುತ್ತದೆ.

2. ಹಾರ್ಡ್‌ಡಿಸ್ಕ್. ಬಹುತೇಕ ನೆಟ್‌ಬುಕ್‌ಗಳಲ್ಲಿ ಇದನ್ನು ತೆಗೆದು ಎಸ್‌ಎಸ್‌ಡಿ ಅಳವಡಿಸಬಹುದು. ಇದರಿಂದ ಯಂತ್ರದ ವೇಗವೂ ಹೆಚ್ಚುತ್ತದೆ. ಆದರೆ ಸಂಗ್ರಹ ಭಾಗವನ್ನು ಮುಖ್ಯ ಫಲಕಕ್ಕೇ ಬೆಸೆದಿರುವ ಮಾದರಿಗಳಲ್ಲಿ ಇದು ಸಾಧ್ಯವಿಲ್ಲ.

3. ಗಡಿಯಾರದ ಬಟನ್ ಸೆಲ್. ಇದು ಮುಗಿದಲ್ಲಿ ಪ್ರತಿ ಬಾರಿ ಯಂತ್ರ ಆರಂಭಿಸಿದಾಗಲೂ ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಬ್ರೌಸರ್ ಸಂಪರ್ಕ ಸುರಕ್ಷಿತವಲ್ಲವೆಂದು ತಿಳಿಸಿ ಯಾವ ಸರ್ಕಾರಿ ಜಾಲತಾಣವನ್ನೂ ತೆರೆಯುವುದಿಲ್ಲ. ಜಾಲತಾಣವೇ ಕೆಟ್ಟಿದೆಯೆಂದು ತಪ್ಪಾಗಿ ತಿಳಿಯದೆ, ಮೊದಲು ದಿನಾಂಕ ಮತ್ತು ಸಮಯವನ್ನು ಸರಿಪಡಿಸಿ ನೋಡತಕ್ಕದ್ದು.

ಖರೀದಿಗೆ ಮುನ್ನ ಪರೀಕ್ಷಿಸುವ ವಿಧಾನ

ಚಿತ್ತಾಪುರ ಮತ್ತು ಸೇಡಂ ಪಟ್ಟಣಗಳು ವಾಡಿಯಿಂದ ಸಿಕಂದರಾಬಾದ್ ಕಡೆಗೆ ಹೋಗುವ ರೈಲು ಮಾರ್ಗದಲ್ಲಿವೆ. ಹೈದರಾಬಾದಿಗೆ ಹೋದಾಗಲೋ ಕಲಬುರಗಿಯಲ್ಲಿಯೋ ಬಳಸಿದ ಯಂತ್ರವನ್ನು ಕೊಂಡು ತಂದ ಬಳಿಕ ದೋಷ ಕಂಡುಬಂದಲ್ಲಿ ಅದನ್ನು ಹಿಂದಿರುಗಿಸಲು ಮತ್ತೊಂದು ದಿನದ ಕೂಲಿ ಮತ್ತು ಪ್ರಯಾಣದ ವೆಚ್ಚ ತಗಲುತ್ತದೆ. ಆದ್ದರಿಂದ ಅಂಗಡಿಯಲ್ಲಿಯೇ ಪರೀಕ್ಷೆ ಮುಗಿಸುವುದು ಲೇಸು.

ಲಿನಕ್ಸ್‌ನಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಸಿದ್ಧಪಡಿಸಿಕೊಂಡು, ಯಂತ್ರದಲ್ಲಿರುವ ಯಾವುದನ್ನೂ ಅಳಿಸದೆ, ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಡೆಬಿಯನ್, ಲುಬುಂಟು ಅಥವಾ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿಯ 64 ಬಿಟ್ ಪೆನ್‌ಡ್ರೈವ್ ಅನ್ನು ತಿಳಿದವರಿಂದ ಮಾಡಿಸಿಕೊಂಡು ಹೋಗಿ, ಕೆಳಕಂಡಂತೆ ಪರೀಕ್ಷಿಸತಕ್ಕದ್ದು.

1. ಪೆನ್‌ಡ್ರೈವ್‌ನಿಂದ ಯಂತ್ರವು ಆರಂಭವಾಗುವುದೇ? ಪ್ರೊಸೆಸರ್ 32 ಬಿಟ್ ಆಗಿದ್ದಲ್ಲಿ ದೋಷ ಸಂದೇಶ ಬಂದು ಅಲ್ಲಿಯೇ ನಿಲ್ಲುತ್ತದೆ. ಅಂತಹ ಯಂತ್ರವನ್ನು ಕೈಬಿಡುವುದು.

2. ಮೆಮೊರಿ ಎಷ್ಟಿದೆ? ಒಂದೆರಡು ಪುಟಗಳನ್ನು ತೆರೆದು ಅರ್ಜಿ ತುಂಬಲು ಕನಿಷ್ಠ 2 ಜಿಬಿ ಬೇಕು. 4 ಜಿಬಿ ಇದ್ದಲ್ಲಿ ಅನುಕೂಲ. 1 ಜಿಬಿ ಮಾತ್ರ ಇರುವ ಯಂತ್ರದಲ್ಲಿ ಇಂದಿನ ಬ್ರೌಸರ್ ತೀರಾ ನಿಧಾನವಾಗುತ್ತದೆ.

3. ವೈಫೈ ಕೂಡುವುದೇ? ಹಳೆಯ ನೆಟ್‌ಬುಕ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಗುರುತಿಸುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ಅನ್ನು ಅದೇ ತರಂಗಕ್ಕೆ ಹೊಂದಿಸಿ ನೋಡುವುದು. ಕೆಲವು ವೈಫೈ ಭಾಗಗಳಿಗೆ ಪ್ರತ್ಯೇಕ ಫರ್ಮ್‌ವೇರ್ ಬೇಕಾಗುತ್ತದೆ.

4. ಅರ್ಜಿ ಸಲ್ಲಿಸಬೇಕಾದ ಜಾಲತಾಣವನ್ನೇ ತೆರೆದು ನೋಡುವುದು. ಪುಟವು ಪೂರ್ಣವಾಗಿ ಕಾಣುವುದೇ, ಕನ್ನಡ ಅಕ್ಷರಗಳು ಸರಿಯಾಗಿ ಮೂಡುವುವೇ ಎಂಬುದನ್ನು ಗಮನಿಸುವುದು.

5. ವಿದ್ಯುತ್ ತಂತಿ ತೆಗೆದು ಅರ್ಧ ಗಂಟೆ ಬ್ಯಾಟರಿಯಿಂದಲೇ ನಡೆಸುವುದು. ಎಲ್ಲಾ ಕೀಲಿಗಳನ್ನೂ ಒಮ್ಮೆ ಒತ್ತಿ ನೋಡುವುದು.

6. ರಶೀದಿ ಪಡೆಯುವುದು. ಬಳಿಕ ಹಿಂದಿನ ಮಾಲೀಕರ ಕಡತಗಳನ್ನು ಸಂಪೂರ್ಣವಾಗಿ ಅಳಿಸಿ, ಲಿನಕ್ಸ್ ಅನ್ನು ಹೊಸದಾಗಿ ಅಳವಡಿಸುವುದು.

ವಿಂಡೋಸ್ 10ಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ ಹಾಗೂ 64 ಜಿಬಿ ಸಂಗ್ರಹ ಸಾಮರ್ಥ್ಯದೊಂದಿಗೆ ಬೇರೆ ಷರತ್ತುಗಳೂ ಇವೆ. ಆದ್ದರಿಂದ 4 ಜಿಬಿ ಮೆಮೊರಿಯಿದ್ದೂ ವಿಂಡೋಸ್ 11ಕ್ಕೆ ಅರ್ಹವಲ್ಲದ ಚಿಕ್ಕ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಉತ್ತಮ ಆಯ್ಕೆಯಾಗುತ್ತದೆ. ಮೂಲ ನೆಟ್‌ಬುಕ್‌ಗಳಿಗಿಂತ ಇಂತಹ ಯಂತ್ರವನ್ನು ಹುಡುಕುವುದೇ ಲಾಭದಾಯಕ.

ಲಿನಕ್ಸ್‌ನಲ್ಲಿ ಕನ್ನಡ

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವನ್ನು ವಿಂಡೋಸ್‌ನಲ್ಲಿ ಬಳಸಿ ರೂಢಿಯಿರುವವರಿಗೆ ಲಿನಕ್ಸ್‌ನಲ್ಲಿ ಕನ್ನಡ ಬರೆಯುವುದು ಹೇಗೆಂಬ ಸಂದೇಹ ಉಂಟಾಗಬಹುದು. ಐಬಸ್ ಎಂಬ ಸೌಲಭ್ಯದೊಂದಿಗೆ ಎಂ17ಎನ್ ಭಾಗವನ್ನು ಅಳವಡಿಸಿಕೊಂಡಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಅದೇ ಕೀಲಿಮಣೆ ವಿನ್ಯಾಸವು ಲಭ್ಯವಾಗುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಇರುತ್ತದೆ. ಲೋಹಿತ್, ನೋಟೊ, ಗುಬ್ಬಿ, ನವಿಲು ಮುಂತಾದ ಕನ್ನಡ ಅಕ್ಷರ ವಿನ್ಯಾಸಗಳು ಉಚಿತವಾಗಿ ದೊರೆಯುತ್ತವೆ.

ಹೀಗೆ ಬರೆದ ಪಠ್ಯವು ಯೂನಿಕೋಡ್ ಸಂಕೇತದಲ್ಲಿರುವುದರಿಂದ ಜಾಲತಾಣದ ಅರ್ಜಿ ನಮೂನೆಗಳಲ್ಲಿ ನೇರವಾಗಿ ತುಂಬಬಹುದು. ನುಡಿಯ ಹಳೆಯ ಆವೃತ್ತಿಗಳಲ್ಲಿ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕಡತಗಳು ಮಾತ್ರ ಪರಿವರ್ತಿಸದ ಹೊರತು ಓದಲು ಬರುವುದಿಲ್ಲ.

ಅರ್ಜಿ ಸಲ್ಲಿಸುವಾಗ ಗಮನಿಸಬೇಕಾದ ಅಂಶಗಳು

1. ನೆಟ್‌ಬುಕ್ ಪರದೆಯು ಸಾಮಾನ್ಯವಾಗಿ 1024 × 600 ಅಳತೆಯದು. ಇದರಿಂದ ಪುಟದ ಕೆಳಭಾಗದಲ್ಲಿರುವ ಸಲ್ಲಿಕೆಯ ಗುಂಡಿಯು ಕಾಣದೆ ಹೋಗಬಹುದು. ಕಂಟ್ರೋಲ್ ಕೀಲಿಯೊಂದಿಗೆ ಕಳೆಯುವ ಚಿಹ್ನೆಯ ಕೀಲಿಯನ್ನು ಒತ್ತಿದಲ್ಲಿ ಪುಟವು ಚಿಕ್ಕದಾಗಿ ಪೂರ್ಣ ಕಾಣುತ್ತದೆ.

2. ನಿಧಾನಗತಿಯ ಯಂತ್ರದಲ್ಲಿ ಅರ್ಜಿ ಪೂರ್ಣಗೊಳ್ಳುವ ಮೊದಲೇ ಅವಧಿ ಮೀರಿ ಜಾಲತಾಣವು ಹೊರಹಾಕಬಹುದು. ಆದ್ದರಿಂದ ಭಾವಚಿತ್ರ ಹಾಗೂ ದಾಖಲೆಗಳನ್ನು ನಿಗದಿತ ಗಾತ್ರಕ್ಕೆ ತಂದು, ವಿಳಾಸ ಮುಂತಾದ ವಿವರಗಳನ್ನು ಬೇರೆ ಕಡತದಲ್ಲಿ ಬರೆದಿರಿಸಿಕೊಂಡು, ನಂತರ ನಮೂನೆಯನ್ನು ತೆರೆಯತಕ್ಕದ್ದು. ಒಂದು ಬಾರಿಯ ಗುಪ್ತಸಂಖ್ಯೆ ಬರುವ ಮೊಬೈಲ್ ಫೋನ್ ಕೈಯಲ್ಲಿರಬೇಕು.

3. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಹಾಗೂ ಕೆಲವು ಹಳೆಯ ಮುದ್ರಕಗಳಿಗೆ ಲಿನಕ್ಸ್ ಡ್ರೈವರ್ ದೊರೆಯದಿರಬಹುದು. ಇವುಗಳ ಅಗತ್ಯವಿರುವ ಸೇವೆಗಳನ್ನು ಸೇವಾ ಕೇಂದ್ರದಲ್ಲಿಯೇ ಪಡೆಯುವುದು ಸೂಕ್ತ. ಮನೆಯಲ್ಲಿ ಮುದ್ರಕವಿಲ್ಲದವರು ಸ್ವೀಕೃತಿಯನ್ನು ಪಿಡಿಎಫ್ ಕಡತವಾಗಿ ಉಳಿಸಿಕೊಳ್ಳಬಹುದು.

4. ಸ್ವೀಕೃತಿಯ ಸಂಖ್ಯೆಯನ್ನು ಯಂತ್ರದಲ್ಲಿ ಮಾತ್ರ ಇರಿಸದೆ ಕಾಗದದ ಮೇಲೆಯೂ ಬರೆದಿಡತಕ್ಕದ್ದು. ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿಯ ಸ್ಥಿತಿ ತಿಳಿಯಲು ಹಾಗೂ ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಲು ಈ ಸಂಖ್ಯೆಯೇ ಆಧಾರ. ಹಳೆಯ ಹಾರ್ಡ್‌ಡಿಸ್ಕ್ ಯಾವಾಗ ಬೇಕಾದರೂ ನಿಲ್ಲಬಹುದೆಂಬುದನ್ನು ಮರೆಯಬಾರದು.

5. ಕೊನೆಯ ದಿನಾಂಕದವರೆಗೆ ಕಾಯದೆ, ಕನಿಷ್ಠ ಒಂದು ವಾರ ಮುಂಚಿತವಾಗಿ ಅರ್ಜಿ ಸಲ್ಲಿಸುವುದು. ಯಂತ್ರ ಕೆಟ್ಟರೂ ಆಗ ಬೇರೆ ದಾರಿ ಹುಡುಕಲು ಕಾಲಾವಕಾಶವಿರುತ್ತದೆ.

ಗಣಕಯಂತ್ರವಿಲ್ಲದವರ ಗಮನಕ್ಕೆ

ಸರ್ಕಾರಿ ಸೇವೆ ಪಡೆಯಲು ಸ್ವಂತ ಗಣಕಯಂತ್ರ ಹೊಂದಿರಬೇಕೆಂಬ ನಿಯಮವಿಲ್ಲ. ಜಾತಿ, ಆದಾಯ ಮುಂತಾದ ಪ್ರಮಾಣಪತ್ರಗಳಿಗೆ ಹೋಬಳಿ ಮಟ್ಟದ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಗ್ರಾಮ ಒನ್ ಕೇಂದ್ರಗಳ ಮೂಲಕವೂ ಅನೇಕ ಸೇವೆಗಳು ದೊರೆಯುತ್ತವೆ. ಇಂತಹ ಕೇಂದ್ರದಲ್ಲಿ ತೆರಬೇಕಾದ ಶುಲ್ಕವನ್ನು ಮತ್ತು ಯಂತ್ರದ ಬೆಲೆಯನ್ನು ಹೋಲಿಸಿ ನೋಡತಕ್ಕದ್ದು. ವರ್ಷಕ್ಕೆ ಎರಡು ಮೂರು ಅರ್ಜಿಗಳಿಗಾಗಿ ಮಾತ್ರ ನೆಟ್‌ಬುಕ್ ಖರೀದಿಸುವುದು ಹೆಚ್ಚಿನ ಕುಟುಂಬಗಳಿಗೆ ಲಾಭದಾಯಕವಲ್ಲ. ಮಕ್ಕಳ ಓದಿಗೂ, ಮನೆಯ ಇತರ ಕೆಲಸಗಳಿಗೂ ನಿತ್ಯ ಬಳಕೆಯಾಗುವುದಾದಲ್ಲಿ ಮಾತ್ರ ಅದು ಸಾರ್ಥಕ.

ಸಾರಾಂಶ

ಕಡಿಮೆ ಬೆಲೆಯ ನೆಟ್‌ಬುಕ್‌ಗಳಲ್ಲಿ ಲಿನಕ್ಸ್ ಚೆನ್ನಾಗಿ ನಡೆಯುತ್ತದೆ ಎಂಬುದು ನಿಜ. ಆದರೆ ಅದು ಎಲ್ಲಾ ನೆಟ್‌ಬುಕ್‌ಗಳಿಗೂ ಅನ್ವಯವಾಗುವುದಿಲ್ಲ. 64 ಬಿಟ್ ಪ್ರೊಸೆಸರ್, ಕನಿಷ್ಠ 2 ಜಿಬಿ ಮೆಮೊರಿ, ಜೀವವಿರುವ ಬ್ಯಾಟರಿ ಹಾಗೂ ಕೂಡುವ ವೈಫೈ, ಈ ನಾಲ್ಕೂ ಇರುವ ಯಂತ್ರವನ್ನು ಪೆನ್‌ಡ್ರೈವ್‌ನಿಂದ ಪರೀಕ್ಷಿಸಿ ಕೊಂಡಲ್ಲಿ ಅದು ಅರ್ಜಿ ಸಲ್ಲಿಕೆಗೆ ತಕ್ಕ ಸಾಧನವಾಗುತ್ತದೆ. ಇವುಗಳಲ್ಲಿ ಒಂದು ಕೊರತೆಯಾದರೂ ಹಣ ಉಳಿಸಿ ಸಮೀಪದ ಸೇವಾ ಕೇಂದ್ರಕ್ಕೆ ತೆರಳುವುದೇ ಮೇಲು. ಅರ್ಜಿದಾರರು ಮೇಲ್ಕಂಡ ಅಂಶಗಳನ್ನು ಪರಿಶೀಲಿಸಿ, ತಮ್ಮ ಅಗತ್ಯಕ್ಕೆ ತಕ್ಕಂತೆ ನಿರ್ಧರಿಸಲು ಕೋರಲಾಗಿದೆ.